ಸ್ಟೀರಿಂಗ್ ಕಡೆಯ ಸೀಟು

ಅಪ್ಪನಿಗೆ,

ಕಾರು ರಿಪೇರಿಯಾಗಿದೆ, ಮುಂಭಾಗಕ್ಕೆ ಹೊಸ ಆಕ್ಸಲ್ ಹಾಕಿದ್ದೇನೆ. ನಾನು ಬೋಲ್ಟ್ ಸರಿಯಾಗಿ ಬಿಗಿ ಮಾಡದ್ದರಿಂದ ಹಳೆಯದು ಮುರಿಯಿತು ಎಂದು ತಂಡದವರಿಗೆ ಹೇಳಿದ್ದೇನೆ. ನೀನು ಮಧ್ಯೆ ಬಾಯಿ ಹಾಕಬೇಡ. ಆದರೆ ನೀನು ಕಾರು ಗುದ್ದಿಸಿದ ಆ ಬಂಡೆ ಎಮ್ಮೆಯಷ್ಟಿತ್ತು, ಅಪ್ಪ. ನಿನಗೆ ಕಾಣಲೇ ಇಲ್ಲ.

ಮರಳುಗಾಡಿನ ರ‍್ಯಾಲಿಯಲ್ಲಿ ದಾರಿ ಓದಿ ಹೇಳಲು ನನ್ನನ್ನು ಮೊದಲ ಸಲ ಪಕ್ಕದಲ್ಲಿ ಕೂರಿಸಿಕೊಂಡಾಗ ನೀನು ಹೇಳಿದ್ದು ಒಂದೇ ಮಾತು: "ದಾರಿ ಪುಸ್ತಕದಿಂದ ತಲೆ ಎತ್ತಬೇಡ ಕಣೇ. ಎದುರಿಗೆ ಏನಿದೆ ಅನ್ನೋದು ನನ್ನ ತಲೆನೋವು." ಈ ವರ್ಷ ಪೂರ್ತಿ ನಾನು ತಲೆ ಎತ್ತಿಕೊಂಡೇ ಇದ್ದೆ. ಎದುರಿಗೆ ಕಂಡ ಹಳ್ಳ, ಕಲ್ಲುಗಳನ್ನೆಲ್ಲ ಪುಸ್ತಕದಲ್ಲಿ ಬರೆದಿದೆಯೇನೋ ಎಂಬಂತೆ ಓದಿ ಹೇಳುತ್ತಿದ್ದೆ. ಆ ಬಂಡೆಯ ಹೊತ್ತಿಗೆ ಮಾತ್ರ ತಲೆ ಬಗ್ಗಿಸಿದ್ದೆ. ಹಾಗೆ ಮೇಲೆ ಕೆಳಗೆ ನೋಡಿ ನೋಡಿಯೇ ನನಗೆ ವಾಂತಿ ಬರುತ್ತಿದ್ದದ್ದು. "ನಮ್ಮ ಮೆಕ್ಯಾನಿಕ್ಕಮ್ಮನ ಹೊಟ್ಟೆಗೇ ರಿಪೇರಿ ಬೇಕಂತೆ" ಎಂದು ನೀನು ಕ್ಯಾಂಪಿನವರನ್ನೆಲ್ಲ ನಗಿಸಿದೆ. ನಾನೂ ನಕ್ಕೆ.

ಸೋಮವಾರ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬಾ. ಅಮ್ಮನ ಕನ್ನಡಕ ಬದಲಿಸಬೇಕು ಎಂದಷ್ಟೇ ಅವಳಿಗೆ ಹೇಳಿದ್ದೇನೆ. ಅವಳ ಜೊತೆ ನೀನೂ ಒಳಗೆ ಹೋಗು.

ಹತ್ತಿರದ್ದು ನಿನಗೆ ಚೆನ್ನಾಗಿಯೇ ಕಾಣುತ್ತದೆ, ಪೇಪರಿನ ಮೂಲೆಯ ಜಾಹೀರಾತನ್ನೂ ಬಿಡುವವನಲ್ಲ. ದಾರಿ ಪುಸ್ತಕ ಓದಲು ಅಷ್ಟು ಸಾಕು. ಸ್ಟೀರಿಂಗ್ ಕಡೆಯ ಸೀಟನ್ನು ನನ್ನ ಕಾಲಿಗೆ ಎಟುಕುವಂತೆ ಮುಂದಕ್ಕೆ ಎಳೆದಿದ್ದೇನೆ. ದಯವಿಟ್ಟು ಹಿಂದಕ್ಕೆ ತಳ್ಳಬೇಡ.

ಪಕ್ಕದ ಸೀಟನ್ನು ಒರೆಸಿಟ್ಟಿರುವ,
ನಿನ್ನ ಮಗಳು

ಹೇಳಲು ಮರೆತೆ: ವಾಂತಿ ಬಂದರೆ ಇರಲಿ ಅಂತ ನಿನ್ನ ಕಡೆಯ ಬಾಗಿಲಲ್ಲಿ ಕವರ್ ಇಟ್ಟಿದ್ದೇನೆ. ನಾನು ಯಾರಿಗೂ ಹೇಳುವುದಿಲ್ಲ.