ಮಾವನ ರೈಫಲ್, ಭಾಮೈದನ ತೋಟಾ

ಜೂನ್ 4, ಬುಧವಾರ

ಲೇತ್‌ನ ಬೆಲ್ಟ್ ಮತ್ತೆ ಜಾರಿತು. ಬಿಗಿ ಮಾಡಿದೆ. ಮಧ್ಯಾಹ್ನ ಮತ್ತೆ ಜಾರಿತು. ಅದಕ್ಕೂ ನನ್ನದೇ ವಯಸ್ಸು, ಬೈದು ಪ್ರಯೋಜನವಿಲ್ಲ. ಕಣ್ಣಿಗೆ ಡ್ರಾಪ್ಸ್ ಹಾಕಿಕೊಳ್ಳುವುದು ಮರೆತೆ.

ಸಂಜೆ ಭಾಮೈದ ಬಂದ. ಹಳೇ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಮಾವನ ರೈಫಲ್ ತಂದಿದ್ದ. ಮಾವ ಹೋಗಿ ವರ್ಷವಾಯಿತು. ಕೋವಿ ರಿಪೇರಿಯ ವರ್ಕ್‌ಶಾಪ್ ಅಳಿಯನಾದ ನನಗೆ, ರೈಫಲ್ ಮಗನಿಗೆ. ಸರಿಯಾಗೇ ಇದೆ — ಕೇಳಿದವರಿಗೆಲ್ಲ ಹಾಗೇ ಹೇಳುತ್ತೇನೆ.

ಆ ಅಳತೆಯ ತೋಟಾ ಈಗ ಯಾರೂ ತಯಾರಿಸುವುದಿಲ್ಲ. ರೈಫಲ್ ಕ್ಲಬ್‌ನಲ್ಲಿ ಸಿಗುವ ತೋಟಾ ಹಿಡಿಯುವ ಹಾಗೆ ಕ್ಯಾಲಿಬರ್, ಅಂದರೆ ನಳಿಗೆಯ ಬೋರ್, ಬದಲಾಯಿಸಿ ಕೊಡಬೇಕಂತೆ. ಹೊಸ ಬ್ಯಾರೆಲ್ ಆರ್ಡರ್ ಮಾಡಿ ಆಗಿದೆ. ತಿಂಗಳ ಕೊನೆಯ ಭಾನುವಾರ ಸ್ಪರ್ಧೆ. ಅಪ್ಪನ ರೈಫಲಿನಿಂದಲೇ ಹೊಡೆಯುವ ಆಸೆ.

"ನೀವೇ ಮಾಡ್ಬೇಕು ಭಾವ. ಬೇರೆಯವರ ಕೈಗೆ ಕೊಡಕ್ಕೆ ಮನಸ್ಸಿಲ್ಲ" ಅಂದ.

ಆಯ್ತು ಅಂದೆ. ಇವಳ ಮುಖ ನೋಡಬೇಕಿತ್ತು. ಅಪ್ಪನ ವಸ್ತು, ಗಂಡನ ಕೆಲಸ, ತಮ್ಮನ ಭುಜ. ಇನ್ನೇನು ಬೇಕು.

ಜೂನ್ 7, ಶನಿವಾರ

ಹಳೇ ಬ್ಯಾರೆಲ್ ಕದಲುತ್ತಿಲ್ಲ. ಮಾವ ಬಿಗಿದದ್ದನ್ನು ಬಿಚ್ಚಲು ಮಾವನೇ ಬರಬೇಕು ಅಂತ ಶಾಪಿನಲ್ಲಿ ತಮಾಷೆ ಮಾಡುತ್ತಿದ್ದೆವು. ಈಗ ಯಾರನ್ನು ಕರೆಯುವುದು. ಎಣ್ಣೆ ಬಿಟ್ಟು ಇಟ್ಟಿದ್ದೇನೆ. ಬಲಗಡೆ ಭುಜ ಎತ್ತಲು ಆಗುತ್ತಿಲ್ಲ.

ಇವಳು ಫೋನಿನಲ್ಲಿ ನನ್ನ ಅಕ್ಕನಿಗೆ "ಇವರು ಬೋರ್ ಚೇಂಜ್ ಮಾಡ್ತಾ ಕೂತಿದ್ದಾರೆ" ಅಂದಳಂತೆ. ಅಕ್ಕ ಗಾಬರಿಯಾಗಿ "ಯಾಕೆ, ನೀರು ನಿಂತೋಯ್ತಾ?" ಅಂದಳಂತೆ. ಊಟ ಮಾಡುವಾಗ ಇಬ್ಬರೂ ನಕ್ಕೆವು. ನಕ್ಕು ಬಹಳ ದಿನವಾಗಿತ್ತು.

ಜೂನ್ 9, ಸೋಮವಾರ

ಬ್ಯಾರೆಲ್ ಬಿಚ್ಚಿತು. ಒಳಗೆಲ್ಲ ತೊಳೆದು, ಪದ್ಧತಿಯಂತೆ ಕೆಂಪು ಬಣ್ಣ ಹಚ್ಚಿ, ಒರೆಸಿ, ಬಿಳಿ ಪುಡಿ ಉದುರಿಸಿದೆ. ಉಕ್ಕು ಎಲ್ಲಾದರೂ ಸೀಳಿದ್ದರೆ ಪುಡಿಯ ಮೇಲೆ ಕೆಂಪು ಗೆರೆ ಏಳುತ್ತದೆ.

ಎದ್ದಿತು. ಬ್ಯಾರೆಲಿನಲ್ಲಲ್ಲ, ತೋಟಾದ ಹಿಂಬದಿ ಮುಚ್ಚುವ ಬೋಲ್ಟ್ ಕೂರುವ ಮನೆಯಲ್ಲೇ.

ಒರೆಸಿ ಮತ್ತೆ ಮಾಡಿದೆ. ಅದೇ ಗೆರೆ, ಅದೇ ಜಾಗ. ಹಳೇ ತೋಟಾದ ಹೊಡೆತವನ್ನೇ ಹೇಗೋ ತಡೆದಿದೆ. ಹೊಸದು ಅದಕ್ಕಿಂತ ಬಿರುಸು. ಇದು ಕ್ಯಾಲಿಬರ್ ಬದಲಾಯಿಸುವ ಮಾತಿರಲಿ, ಹೊಡೆಯುವ ರೈಫಲ್ಲೇ ಅಲ್ಲ.

ಇನ್ನೊಂದು. ಗೆರೆಯ ಅಂಚನ್ನು ಯಾರೋ ಸಣ್ಣ ಕಲ್ಲಿನಿಂದ ಉಜ್ಜಿದ್ದಾರೆ. ಯಾರೋ ಏನು, ಮಾವನೇ. ಅಷ್ಟು ನುಣುಪು ಇನ್ಯಾರಿಗೂ ಬರುವುದಿಲ್ಲ. ಅಂದರೆ ಗೊತ್ತಿತ್ತು. ಗೊತ್ತಿದ್ದೂ ಮಗನಿಗೆ ಬಿಟ್ಟು ಹೋದರೇ? ಒಂದು ಗೀರಿಗಾಗಿ ನನ್ನ ಮೊದಲ ಕೆಲಸವನ್ನು ಗುಜರಿಗೆ ಎಸೆದ ಮನುಷ್ಯ… ಸಿಟ್ಟು ಬಂತು. ಸತ್ತವರ ಮೇಲೆ ಸಿಟ್ಟು ಮಾಡಿಕೊಂಡು ಎಲ್ಲಿ ಹಾಕುವುದು.

ಜೂನ್ 10, ಮಂಗಳವಾರ

ಭಾಮೈದನನ್ನು ಕರೆಸಿ ತೋರಿಸಿದೆ. "ಆಗಲ್ಲ ಕಣಪ್ಪ. ಬಿರುಕು ಬಿಟ್ಟಿದೆ" ಅಂದೆ.

"ಅಪ್ಪ ಜೀವಮಾನ ಎಲ್ಲ ಇದರಲ್ಲೇ ಹೊಡೆದ್ರಲ್ಲ."

"ಕೊನೆಕೊನೆಗೆ ಹೊಡೀತಿರ್ಲಿಲ್ಲ."

"ತೋಟಾ ಸಿಗ್ತಿರ್ಲಿಲ್ಲ, ಅದಕ್ಕೆ." ಬಗ್ಗಿ ನೋಡಿದ. "ಇದು ಗೀರು ಇದ್ದ ಹಾಗಿದೆ ಭಾವ."

ವಿವರಿಸಿದೆ. ಕೇಳಿಸಿಕೊಳ್ಳುತ್ತಿರಲಿಲ್ಲ. ಆಮೇಲೆ ಮೆಲ್ಲಗೆ ಅಂದ: "ರೈಫಲ್ ನಿಮಗೆ ಬರ್ಬೇಕಿತ್ತು ಅಂತ ನಿಮ್ಮ ಮನಸ್ಸಲ್ಲಿದೆ. ನೇರವಾಗಿ ಹೇಳ್ಬಿಡಿ, ಬಿರುಕು ಗಿರುಕು ಯಾಕೆ."

ತಕ್ಷಣ ಇಲ್ಲ ಅನ್ನಬೇಕಿತ್ತು. ಬಾಯಿ ಬರಲಿಲ್ಲ. ಮನಸ್ಸಿನಲ್ಲಿ ಇದ್ದದ್ದು ನಿಜವೇ ತಾನೇ. ಅದನ್ನೂ ನೋಡಿದ. ಎಲ್ಲ ಬಿಡಿಭಾಗಗಳನ್ನು ಅದೇ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಹೋದ. ರೈಲು ಗೇಟಿನ ಹತ್ತಿರದ ವರ್ಕ್‌ಶಾಪಿಗೆ ಕೊಡುತ್ತಾನಂತೆ.

ಕಲ್ಲಿನಿಂದ ಉಜ್ಜಿದ ಗುರುತಿನ ವಿಷಯ ಹೇಳಿದ್ದಕ್ಕೆ ಇವಳು ಕೇಳಿದಳು, "ಗೊತ್ತಿದ್ದೂ ಅಪ್ಪ ಅವನ ಕೈಗೆ ಕೊಟ್ರು ಅಂತೀರಾ?"

ಬೆಂಚಿನ ಮೇಲಿದ್ದ ಬಿಳಿ ಪುಡಿ ಒರೆಸತೊಡಗಿದೆ.

"ಸತ್ತವರ ಮೇಲೆ ಗೂಬೆ ಕೂರಿಸ್ಬೇಡಿ" ಅಂದು ಒಳಗೆ ಹೋದಳು.

ಜೂನ್ 19, ಗುರುವಾರ

ಬರೆಯಲು ಮನಸ್ಸಾಗಿರಲಿಲ್ಲ. ಮನೆಯಲ್ಲಿ ಅಗತ್ಯಕ್ಕೆ ತಕ್ಕಷ್ಟು ಮಾತು. ಕರೆಂಟ್ ಬಿಲ್ ಬಂತು. ಹಾಲು ಮುಗಿದಿದೆ. ಇಷ್ಟೇ.

ರೈಲು ಗೇಟಿನವನಿಗೆ ಫೋನ್ ಮಾಡಿದೆ, ಬಣ್ಣ ಹಚ್ಚಿ ನೋಡು ಅಂತ. "ನೋಡಿದೀನಿ ಸಾರ್, ಚೆನ್ನಾಗಿದೆ" ಅಂದ. ನೋಡಿದ್ದರೆ ಹಾಗೆ ಅನ್ನುತ್ತಿರಲಿಲ್ಲ. ನಾಳೆ ಕೆಲಸ ಮುಗಿಯುತ್ತದಂತೆ. ಭಾಮೈದ ನನ್ನ ಫೋನ್ ಕಟ್ ಮಾಡುತ್ತಾನೆ. ಸ್ಪರ್ಧೆಯ ದಿನ ಅವನು ಅದನ್ನು ಕೆನ್ನೆಗೆ ಒತ್ತಿ ಹಿಡಿಯುತ್ತಾನೆ. ಅದೊಂದೇ ಕಣ್ಣ ಮುಂದೆ ಬರುತ್ತದೆ. ಅವನಿಗೆ ಏನಾದರೂ ಆದರೆ ಇವಳ ಮುಖವನ್ನು ಹೇಗೆ ನೋಡಲಿ?

ಜೂನ್ 24, ಮಂಗಳವಾರ, ಸಂಜೆ

ಇವಳೊಬ್ಬಳೇ ತಮ್ಮನ ಮನೆಗೆ ಹೋಗಿ ಬಂದಳು. ಮುಖ ಸ್ವಲ್ಪ ತಿಳಿಯಾಗಿತ್ತು. ಅಕ್ಕ ತಮ್ಮ ಕೂತು ಅಪ್ಪನ ಕೊನೆಯ ದಿನಗಳ ಮಾತಾಡಿದರಂತೆ. ಚಪ್ಪಲಿ ಬಿಡುತ್ತಾ ನಗುತ್ತಾ ಹೇಳಿದಳು:

"ಪಾಪ, ಅಪ್ಪ ಆಸ್ಪತ್ರೆಯಲ್ಲಿ ಏನೇನೋ ಅಂತಿದ್ರಂತೆ. 'ರೈಫಲಲ್ಲಿ ಕೂದಲಿದೆ, ಭಾವನ ಹತ್ರ ಕೊಡು' ಅಂತ. ಇವನು ಅಪ್ಪನ ಮಾತು ಅಂತ ಬ್ರಷ್ ಹಾಕಿ ಬ್ಯಾರೆಲ್ ಎಲ್ಲ ಉಜ್ಜಿದಾನೆ. ಒಂದು ಕೂದಲೂ ಸಿಕ್ಕಿಲ್ಲ."

ಸ್ಟೂಲ್ ಎಳೆದು ಕೂತೆ.

ನಮ್ಮ ಶಾಪಿನಲ್ಲಿ ಬಿರುಕು ಅನ್ನುವ ಮಾತೇ ಇರಲಿಲ್ಲ. ಹಾವನ್ನು ಹುಳ ಅನ್ನುವವರಿಲ್ಲವೇ, ಹಾಗೆ. ಆ ಪದ ಆಡಿದರೆ ಮಾವ ಕೆಂಡವಾಗುತ್ತಿದ್ದರು. 'ಕೂದಲಿದೆ' ಅನ್ನಬೇಕು. ಕೂದಲಿದೆ ಅಂದರೆ ಆ ಕೋವಿಯನ್ನು ಪಕ್ಕಕ್ಕಿಡು, ಯಾರೂ ಹೊಡೆಯಬೇಡಿ. ಎದುರಿಗಿದ್ದ ಗಿರಾಕಿಗೂ ಗೊತ್ತಾಗುತ್ತಿರಲಿಲ್ಲ. ಮಗ ಶಾಪಿನ ಕಡೆ ತಲೆ ಹಾಕಿದವನಲ್ಲ, ಎಣ್ಣೆ ವಾಸನೆಗೆ ಅವನಿಗೆ ತಲೆನೋವು. ಅವನು ಹೊರಗಿನವನು, ಅವನಿಗೆಲ್ಲಿ ಅರ್ಥವಾಗುತ್ತದೆ ಅಂತ ಅವತ್ತು ನಾನೂ ಬಿರುಕು ಅಂದೆ. ಕೂದಲು ಅಂದಿದ್ದರೆ ಅವನಿಗೆ ಅಲ್ಲೇ ನೆನಪಾಗುತ್ತಿತ್ತು.

ಮಾವ ಮುಚ್ಚಿಟ್ಟಿರಲಿಲ್ಲ. ಹೇಳಿದ್ದರು. ತಮಗೆ ಗೊತ್ತಿದ್ದ ಒಂದೇ ಮಾತಿನಲ್ಲಿ ಹೇಳಿದ್ದರು. ನಾನು ಎರಡು ವಾರ ಅವರನ್ನು ಮನಸ್ಸಿನಲ್ಲೇ ಬೈದೆ.

ಇವಳಿಗೆ ಹೇಳಿದೆ. ನಗು ನಿಂತಿತು. ತಮ್ಮನಿಗೆ ಫೋನ್ ಹಚ್ಚಿದಳು.

ಜೂನ್ 25, ಬುಧವಾರ

ಭಾಮೈದ ನಂಬುತ್ತಿಲ್ಲ. "ಈಗ ಕೂದಲಿಗೂ ಅರ್ಥ ಹುಟ್ಟಿಸಿದ್ರಾ ನಿಮ್ಮ ಯಜಮಾನ್ರು" ಅಂದನಂತೆ ಇವಳಿಗೆ. ಅವನದೂ ತಪ್ಪಲ್ಲ. ಆ ಮಾತು ಗೊತ್ತಿದ್ದವರು ಶಾಪಿನ ನಾವಿಬ್ಬರೇ. ಒಬ್ಬರು ಸತ್ತಿದ್ದಾರೆ. ಇನ್ನೊಬ್ಬನ ಮೇಲೆ ನಂಬಿಕೆಯಿಲ್ಲ.

ಇವಳೇ ಕೊನೆಗೆ ಅಂದಳು: "ಅಕ್ಕನಿಗೋಸ್ಕರ ಒಂದು ಸಲ ಕೈಯಲ್ಲಿ ಹಿಡಿಯದೆ ಕಟ್ಟಿ ಹೊಡೆದು ನೋಡು. ಆಮೇಲೆ ನಿನ್ನಿಷ್ಟ."

ಜೂನ್ 27, ಶುಕ್ರವಾರ

ಬಂದ. ನಮಸ್ಕಾರವೂ ಇಲ್ಲ. ಶಾಪಿನ ಹಿಂದೆ ಟೈರ್‌ಗಳ ನಡುವೆ ರೈಫಲ್ ಬಿಗಿದು, ಟ್ರಿಗರಿಗೆ ಹಗ್ಗ ಕಟ್ಟಿ, ಮೂವರೂ ಗೋಡೆಯ ಈಚೆ ನಿಂತೆವು. ಹಗ್ಗ ಅವನ ಕೈಗೇ ಕೊಟ್ಟೆ.

ಎಳೆದ. ಸದ್ದಾಯಿತು. ಸಿಡಿಯಲಿಲ್ಲ. ನನ್ನ ಕಡೆ ತಿರುಗಿ ನೋಡಿದ, ನೋಡಿದಿರಾ ಅನ್ನುವ ಹಾಗೆ. ನಾನೂ ಒಂದು ಗಳಿಗೆ, ನನ್ನದೇ ತಪ್ಪಾಗಿರಲಪ್ಪ ಅಂದುಕೊಂಡೆ. ತಪ್ಪಿದ್ದರೆ ಎಷ್ಟು ಚೆನ್ನಾಗಿತ್ತು.

ಬೋಲ್ಟ್ ತೆಗೆಯಲು ಹೋದ. ಬರಲಿಲ್ಲ. ಮರದ ಸುತ್ತಿಗೆಯಿಂದ ತಟ್ಟಿ ತಟ್ಟಿ ತೆಗೆದೆ. ಈ ಸಲ ಬಣ್ಣ, ಪುಡಿ ಯಾವುದೂ ಬೇಕಾಗಲಿಲ್ಲ. ಉಗುರು ಇಳಿಯುವಷ್ಟು ಬಾಯಿ ಬಿಟ್ಟಿತ್ತು. ಇನ್ನೊಂದು ಈಡು ತಡೆಯುತ್ತಿರಲಿಲ್ಲ.

ಅವನು ಉಗುರು ಇಟ್ಟು ನೋಡಿದ. ತೆಗೆಯಲೇ ಇಲ್ಲ.

ಜೂನ್ 29, ಭಾನುವಾರ, ಬೆಳಿಗ್ಗೆ

ಸ್ಪರ್ಧೆಗೆ ಹೋಗದೆ ನಮ್ಮ ಮನೆಗೆ ಬಂದ. ಕ್ಷಮೆ ಕೇಳಲು ಬಂದಿರಬೇಕು ಅಂದುಕೊಂಡೆ, ಬೇಡಪ್ಪ ಅನ್ನಲು ತಯಾರಾಗಿದ್ದೆ. ಅವನು ಬಂದದ್ದು ಅದಕ್ಕಲ್ಲ. ಇವಳು ಅಡುಗೆಮನೆಗೆ ಹೋಗುವವರೆಗೆ ಕಾದ.

"ಒಂದ್ಸಲ ಅಲ್ಲ ಭಾವ. ರಾತ್ರಿಯೆಲ್ಲ ಅದನ್ನೇ ಹೇಳ್ತಿದ್ರು. ಕೂದಲಿದೆ, ಕೂದಲಿದೆ, ಭಾವನ್ನ ಕರಿ ಅಂತ. ನನ್ನ ಕೈ ಹಿಡ್ಕೊಂಡು ಬಿಡ್ತಿರ್ಲಿಲ್ಲ. ನಾನು ನರ್ಸ್‌ನ ಕರೆದು, ಬಡಬಡಿಸ್ತಿದ್ದಾರೆ, ನಿದ್ದೆಗೆ ಏನಾದ್ರೂ ಕೊಡಿ ಅಂದೆ. ಇಂಜೆಕ್ಷನ್ ಕೊಟ್ರು. ಆಮೇಲೆ ಅವರು ಮಾತಾಡ್ಲೇ ಇಲ್ಲ."

ಅವನ ಕಣ್ಣು ನೋಡಲಾಗಲಿಲ್ಲ. ಕಾಯಿಲೆಯಲ್ಲಿ ಎಷ್ಟೋ ಮಾತು ಬರುತ್ತದೆ ಅಂದೆ. ಅವರು ಪ್ರಜ್ಞೆಯಲ್ಲಿ ಹೇಳಿದ್ದೋ ಏನೋ ಯಾರಿಗೆ ಗೊತ್ತು, ಹಳೇ ಕಸುಬಿನ ಮಾತು ತಾನಾಗೇ ಬಾಯಿಗೆ ಬಂದಿರಬಹುದು ಅಂದೆ. ನಾನೇ ಕೇಳಿದ್ದರೂ ಬಡಬಡಿಕೆ ಅಂತಲೇ ತಿಳಿಯುತ್ತಿದ್ದೆ ಅಂದೆ.

"ನಿಜವಾಗ್ಲೂ ಭಾವ?"

ನಿಜವಾಗ್ಲೂ ಅಂದೆ.

ಬಾಗಿಲಲ್ಲಿ ಇವಳು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ… ಕರೆಯುತ್ತಿದ್ದಾಳೆ. ಏನು ಕೇಳುತ್ತಾಳೆ ಅಂತ ಗೊತ್ತು. ಇವಳಿಗೆ ಮಾತ್ರ ನಾನು ಸುಳ್ಳು ಹೇಳಲಾರೆ.