ತೊಳೆದ ಉಸುಕು

ಕಮಲಾಪುರ
ವಿಭವ ಸಂವತ್ಸರ, ಆಷಾಢ ಶುದ್ಧ ಪಂಚಮಿ

ನನ್ನ ಹಡೆದವ್ವನ ಪಾದಕ್ಕೆ ಮಗಳು ಶಿವಕಾಂತಳ ಶರಣು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆದು ಮುಂದಿನ ಮಾತಿಗೆ ಹೋಗಬೇಕು. ಇವತ್ತು ಆ ಸಾಲು ಬರೆಯಲು ಕೈ ಬರಲಿಲ್ಲ. ನಾನು ಇದ್ದೇನೆ. ಹೊಟ್ಟೆಯಲ್ಲಿರುವ ಕೂಸೂ ಇದೆ, ನಿನ್ನೆ ಸಂಜೆಯಿಂದ ಚೆನ್ನಾಗಿ ಮಿಸುಕಾಡುತ್ತಿದೆ. ಮೊದಲು ಅಷ್ಟನ್ನು ತಿಳಿದುಕೊಂಡು, ಒಂದು ಕಡೆ ಕುಳಿತು ಉಳಿದದ್ದನ್ನು ಓದು.

ನನ್ನ ಕುಬಸಕ್ಕೆ ನೀವೆಲ್ಲ ಕಲಬುರ್ಗಿಯಿಂದ ಹೊರಡುವವರಿದ್ದಾಗ, ಬರಬೇಡಿ ಎಂದು ಗಾಡಿಯವನ ಕೈಯಲ್ಲಿ ಹೇಳಿ ಕಳಿಸಿದೆವು. ಕಾರಣ ಹೇಳಲಿಲ್ಲ. ಬಸುರಿ ಮಗಳಿಗೆ ಉಡಿಸಲು ಹಸಿರು ಸೀರೆ ತಂದಿಟ್ಟು, ಉಂಡಿ ಕರಚಿಕಾಯಿ ಮಾಡಿ ಬುಟ್ಟಿ ಕಟ್ಟಿಟ್ಟು ಕುಳಿತಿದ್ದ ನಿನಗೆ ಎಷ್ಟು ಅವಮಾನವಾಗಿರಬೇಕು. ಬೀಗರಿಗೆ ಸೊಕ್ಕು ಬಂತು ಎಂದುಕೊಂಡಿರಬೇಕು. ಅದಲ್ಲ ಅವ್ವ. ಕಸ್ತೂರಿಬಾಯಿ ತೀರಿಕೊಂಡಳು.

ನನ್ನ ನಾದಿನಿ, ನಮ್ಮ ಅತ್ತೆಯ ಒಬ್ಬಳೇ ಮಗಳು. ನನ್ನ ಕುಬಸಕ್ಕೆಂದೇ ಗಂಡನ ಮನೆಯಿಂದ ಬಂದಿದ್ದಳು. ಬಂದ ದಿನವೇ ನನ್ನ ಎರಡೂ ಕೈಗೆ ಮದರಂಗಿ ಹಚ್ಚಿದಳು. ಆ ಬಣ್ಣ ನನ್ನ ಉಗುರಿನಲ್ಲಿ ಇನ್ನೂ ಹಾಗೇ ಇದೆ, ಹಚ್ಚಿದವಳನ್ನು ಮಣ್ಣು ಮಾಡಿ ಬಂದಾಗಿದೆ. ಇದನ್ನು ಬರೆದ ಮೇಲೂ ನನಗೆ ನಂಬಿಕೆ ಬರುತ್ತಿಲ್ಲ. ಆಗಾಗ ಪಡಸಾಲೆಯ ಕಡೆ ನೋಡುತ್ತೇನೆ, ಈಗ ನಕ್ಕಳೇನೋ ಎಂದು.

ಹೇಗಾಯಿತು ಎಂದು ಹೇಳಬೇಕಾದರೆ ಹಳ್ಳದ ದಂಡೆಯ ಉಸುಕಿನ ತೊಟ್ಟಿಯಿಂದ ಹೇಳಬೇಕು. ನಮ್ಮ ಮಾವ ದೌಲಪ್ಪನವರು ಮುಂದೆ ನಿಂತು ಅದನ್ನು ಕಟ್ಟಿಸಿದ್ದು. ಕಟ್ಟುವ ರೀತಿ ತೋರಿಸಿಕೊಟ್ಟವರು ನಿಮ್ಮ ಕಲಬುರ್ಗಿಯ ಮೋಮಿನಪುರದ ಹಮೀದ್ ಸಾಹೇಬರು, ಹೈದರಾಬಾದಿನಲ್ಲಿ ನೀರಿನ ಕಾಮಗಾರಿ ಕಲಿತು ಬಂದ ಓವರ್ಸಿಯರ್. ತಳದಲ್ಲಿ ದಪ್ಪ ಕಲ್ಲು, ಅದರ ಮೇಲೆ ಹರಳು, ಅದರ ಮೇಲೆ ನಡುಮಟ್ಟ ಸಣ್ಣ ಉಸುಕು. ಹಳ್ಳದ ನೀರು ಆ ಉಸುಕಿನ ಮೇಲೆ ನಿಂತು, ಸಾವಕಾಶ ಕೆಳಗಿಳಿದು, ಪಕ್ಕದ ಮುಚ್ಚಿದ ಬಾವಿಗೆ ಸೇರುತ್ತದೆ. ದನ ತೊಳೆದ ನೀರು, ಮೇಲಿನ ಊರಿನ ಹೊಲಸು, ಎಲ್ಲವೂ ಹರಿದು ಬರುವುದು ಆ ಹಳ್ಳಕ್ಕೇ. ಆದರೂ ತೊಟ್ಟಿ ಆದ ಮೇಲೆ ಊರಲ್ಲಿ ವಾಂತಿಭೇದಿಯ ಹೆಸರು ಕೇಳಿರಲಿಲ್ಲ.

ಉಸುಕಿನ ಮೇಲೆ ಮಾತ್ರ ಒಂದು ಹಸಿರು ಪಾಚಿ ಕಟ್ಟುತ್ತಿತ್ತು. ಮುಟ್ಟಿದರೆ ಲೋಳೆಲೋಳೆ, ನೋಡಿದರೆ ಮೈ ಜುಮ್ಮೆನ್ನುವಂಥದ್ದು. ಅದರ ತಂಟೆಗೆ ಹೋಗಬೇಡಿ, ತೆಗೆಯಬೇಕಾದಾಗ ನಾನೇ ಬಂದು ತೆಗೆಸುತ್ತೇನೆ ಎಂದು ಹಮೀದ್ ಸಾಹೇಬರು ಚಾವಡಿಯಲ್ಲಿ ಹೇಳಿ ಹೋಗಿದ್ದರಂತೆ. ಚಾವಡಿಯಲ್ಲಿ ಇದ್ದವರು ಗಂಡಸರು. ನೀರು ತರುವವರು ನಾವು. ನಮಗೆ ಯಾರೂ ಹೇಳಲಿಲ್ಲ.

ಕುಬಸದ ಹಿಂದಿನ ವಾರ ನಮ್ಮ ಅತ್ತೆ ಶಂಕ್ರಮ್ಮನವರು ಆಳುಗಳನ್ನು ಕರೆದುಕೊಂಡು ಹೋಗಿ ತೊಟ್ಟಿಯನ್ನು ತೊಳೆಸಿದರು. ಪಾಚಿಯನ್ನೆಲ್ಲ ಬಳಿದು ಹಾಕಿಸಿ, ಉಸುಕನ್ನು ಬುಟ್ಟಿಬುಟ್ಟಿಯಾಗಿ ಹೊರಗೆ ತೆಗೆಸಿ, ಅಂಟುವಾಳದ ನೀರಿನಲ್ಲಿ ತಿಕ್ಕಿಸಿ, ಬಿಸಿಲಿಗೆ ಹರವಿಸಿ ಮತ್ತೆ ತುಂಬಿಸಿದರು. ಬಂಗಾರದ ಬಣ್ಣ ಬಂದಿತ್ತು ಉಸುಕಿಗೆ. ಓವರ್ಸಿಯರರ ಕೆಲಸವೆಂದುಕೊಂಡು ಊರವರು ಹೊಗಳಿದರು, ಅತ್ತೆಯ ಕೆಲಸವೆಂದು ಕಸ್ತೂರಿಯೂ ನಾನೂ ಹೊಗಳಿದೆವು. ಬಾವಿಯ ನೀರು ಎಂದಿಗಿಂತ ತಿಳಿಯಾಗಿ ಕಂಡಿತು. ಅದೇ ಹೊತ್ತಿಗೆ ಮೊದಲ ಮಳೆ ಬಿದ್ದು ಹಳ್ಳ ಕೆಂಪಗೆ ಹರಿಯಿತು. ಮೇಲಿನ ಊರಲ್ಲಿ ಬೇನೆ ಎದ್ದಿರುವುದು ನಮಗೆ ತಿಳಿದಿರಲಿಲ್ಲ.

ಬೆಳಿಗ್ಗೆ ರೊಟ್ಟಿ ಬಡಿಯುತ್ತ ಕುಳಿತಿದ್ದ ಕಸ್ತೂರಿ ನಡುವೆ ಎದ್ದು ಹಿತ್ತಲಿಗೆ ಹೋದಳು. ಹೊತ್ತು ನೆತ್ತಿಗೇರುವುದರೊಳಗೆ ಅವಳಿಗೆ ನಿಲ್ಲಲು ಆಗುತ್ತಿರಲಿಲ್ಲ. ಮುಖ ಹೇಗಾಯಿತು ಎಂದರೆ, ಅವ್ವ, ಅದೇ ಮುಖವೆಂದು ಗುರುತು ಹಿಡಿಯಲು ಆಗದ ಹಾಗೆ ಕಣ್ಣು ಒಳಗೆ ಹೋಗಿದ್ದವು. ನನಗೂ ವಾಂತಿಯಾಯಿತು, ಆದರೆ ಅಷ್ಟಕ್ಕೇ ನಿಂತಿತು. ಓಣಿಯ ಮನೆಮನೆಯಲ್ಲೂ ನರಳುವ ಸದ್ದು ಕೇಳತೊಡಗಿತು. ನನ್ನ ಯಜಮಾನರು ಮಾಣಿಕಪ್ಪನವರು ಕುದುರೆ ಏರಿ ಕಲಬುರ್ಗಿಗೆ ಹೋಗಿ, ಮರುದಿನ ಡಾಕ್ಟರನ್ನೂ ಹಮೀದ್ ಸಾಹೇಬರನ್ನೂ ಮೋಟಾರಿನಲ್ಲಿ ಕರೆತಂದರು.

ಡಾಕ್ಟರು ಮನೆಯೊಳಗೆ ಕಸ್ತೂರಿಯ ಹತ್ತಿರ ಇದ್ದರು. ಹಮೀದ್ ಸಾಹೇಬರು ನೇರ ತೊಟ್ಟಿಗೆ ಹೋಗಿ ನೋಡಿ ಬಂದು ನಮ್ಮ ಕಟ್ಟೆಯ ಮೇಲೆ ಕುಳಿತರು.

“ಉಸುಕಿನ ಮ್ಯಾಲಿನ ಪಾಚಿ ಎಲ್ಲಿ ಹೋಯ್ತ್ರಿ?” ಎಂದು ಕೇಳಿದರು.

“ಹೊಲಸಾಗಿತ್ತು, ತೊಳಸೀವಿ” ಎಂದರು ಅತ್ತೆ ಬಾಗಿಲ ಮರೆಯಿಂದ.

“ಅದು ಹೊಲಸಲ್ಲಮ್ಮಾ, ಅದು ಜೀವ ಅದ. ಕಣ್ಣಿಗಿ ಕಾಣಲಾರದಂಥ ಸಣ್ಣ ಸಣ್ಣ ಜೀವ ಆ ಲೋಳಿಯೊಳಗ ಮನಿ ಮಾಡಿರತಾವ. ನೀರಾಗಿನ ಬ್ಯಾನಿ ತಿಂದು ನೀರು ಹಸನ ಮಾಡೋವು ಅವೇ. ಉಸುಕು ಬರೇ ಅವುಗಳ ಹಾಸಿಗಿ. ಹಾಸಿಗಿ ಇಟ್ಟು ಅವನ್ನೆಲ್ಲಾ ಬಳದು ಚೆಲ್ಲೀರಿ.”

ನಾನು ಅತ್ತೆಯ ಪಕ್ಕದಲ್ಲೇ ಇದ್ದೆ. “ಅವು ಮತ್ತ ಹುಟ್ಟತಾವೇನ್ರಿ?” ಎಂದು ಅತ್ತೆ ಕೇಳಿದರು.

“ಹುಟ್ಟತಾವ. ವ್ಯಾಳ್ಯಾ ಬೇಕು. ಅಲ್ಲಿತನಕ ಊರಾಗ ಯಾರೂ ಕಾಸಲಾರದ ನೀರು ಕುಡಿಬ್ಯಾಡ್ರಿ.”

ಅಷ್ಟರಲ್ಲಿ ಡಾಕ್ಟರು ಹೊರಗೆ ಬಂದು ಕೈ ತೊಳೆಯಲು ನೀರು ಕೇಳಿದರು. ಅವರು ಒಳಗೆ ಮರಳಿ ಹೋಗಲಿಲ್ಲ. ಅದನ್ನು ನೋಡಿ ನಮಗೆ ತಿಳಿಯಿತು.

ಇಷ್ಟಕ್ಕೆ ಮುಗಿದಿದ್ದರೂ ಸಾಕಿತ್ತು. ಮರುದಿನ ನೆರೆಮನೆಯ ಮಲ್ಲಣ್ಣನ ಹೆಂಡತಿ ಹೋದಳು. ಆಮೇಲೆ ಕೆಳಗಿನ ಓಣಿಯಲ್ಲೂ ಹೆಣ ಬಿದ್ದವು. ಊರಿಗೆ ದೂರಲು ಯಾರಾದರೊಬ್ಬರು ಬೇಕಾಗಿದ್ದರು. ಓವರ್ಸಿಯರ್ ತೊಟ್ಟಿಯಲ್ಲಿ ಪಾಚಿ ಬೆಳೆಸಿ ನಮಗೆ ವಿಷ ಕುಡಿಸಿದ ಎಂದು ಮಾತು ಹುಟ್ಟಿತು. ಮಲ್ಲಣ್ಣ ಹಮೀದ್ ಸಾಹೇಬರನ್ನು ಕೊರಳಪಟ್ಟಿ ಹಿಡಿದು ಎಳೆದು ಹೊಡೆದ. ಎಷ್ಟೋ ಸಲ ಇದೇ ಮನೆಯಲ್ಲಿ ಅವರ ಜೊತೆ ಕುಳಿತು ನಕ್ಕು ಮಾತನಾಡಿದವನು. ಪೊಲೀಸರು ಬಂದು ಹಮೀದರನ್ನು ಬಿಡಿಸಿದರು, ಬಿಡಿಸಿ ಚಾವಡಿಯಲ್ಲಿ ಕೂರಿಸಿಕೊಂಡರು. ಅಲ್ಲೂ ಹಮೀದ್ ಸಾಹೇಬರು ಅತ್ತೆಯ ಹೆಸರು ಹೇಳಲಿಲ್ಲವಂತೆ. ಅವರನ್ನು ಕಲಬುರ್ಗಿಗೆ ಒಯ್ದು ಖಟ್ಲೆ ಹೂಡುತ್ತಾರೆ ಎಂದು ಸುದ್ದಿ ಬಂತು.

ಮಾವ ನಮ್ಮನ್ನೆಲ್ಲ ಒಳಗೆ ಕರೆದರು. “ಮನಿ ಮಾತು ಮನ್ಯಾಗಿರಲಿ. ತೊಟ್ಟಿ ತೊಳದೋರು ಯಾರಂತ ಯಾರೂ ಬಾಯಿ ಬಿಡಬ್ಯಾಡ್ರಿ. ಆಳುಗಳಿಗಿ ನಾ ಹೇಳೀನಿ” ಎಂದರು. ಊರಿನ ಕಷ್ಟಕ್ಕೆಲ್ಲ ಮೊದಲು ಹೋಗುವ ನಮ್ಮ ಮಾವ ಹಾಗೆ ಅಂದದ್ದು. ನನ್ನ ಯಜಮಾನರು ತಲೆ ತಗ್ಗಿಸಿ ನಿಂತಿದ್ದರು. ಯಾವುದಕ್ಕೆ ಹೆಚ್ಚು ದಂಗಾದೆನೋ ನನಗೆ ಗೊತ್ತಿಲ್ಲ, ಕಸ್ತೂರಿ ಹೋದದ್ದಕ್ಕೋ, ಈ ಮಾತಿಗೋ.

ಅತ್ತೆ ಎದ್ದರು. ತಲೆಯ ಮೇಲೆ ಸೆರಗು ಎಳೆದುಕೊಂಡು ಹೊಸ್ತಿಲು ದಾಟಿದರು. ಈ ಮನೆಗೆ ಸೊಸೆಯಾಗಿ ಬಂದಂದಿನಿಂದ ಚಾವಡಿಯ ಮೆಟ್ಟಿಲು ಹತ್ತದ ಹೆಣ್ಣುಮಗಳು. ಹಿಂದೆ ನಾನು ಹೋದೆ, ಬಸುರಿ ಹೊರಗೆ ಹೋಗಬಾರದೆಂದು ಯಾರೋ ಕೂಗಿದರು, ನಿಲ್ಲಲಿಲ್ಲ. ಚಾವಡಿಯಲ್ಲಿ ಪೊಲೀಸ್ ಅಮೀನಸಾಹೇಬರು ಕುರ್ಚಿಯ ಮೇಲಿದ್ದರು. ಹಮೀದ್ ಸಾಹೇಬರ ಒಂದು ಕಣ್ಣು ಬಾತು ಮುಚ್ಚಿತ್ತು.

“ಆ ಪಾಚಿ ತೆಗಸಿದಾಕಿ ನಾನ್ರಿ” ಎಂದರು ಅತ್ತೆ. “ಇವರ ಹಸನ ಮಾಡಿಟ್ಟ ನೀರು ನಾ ಕೆಡಸೀನಿ. ಮಲ್ಲಣ್ಣಾ, ನಿನ್ನ ಹೇಣತಿ ನನ್ನಿಂದ ಸತ್ತಾಳ. ನನ್ನ ಮಗಳೂ ನನ್ನಿಂದ ಸತ್ತಾಳ. ಕೈ ಎತ್ತೋದಿದ್ರ ನನ್ನ ಮ್ಯಾಲ ಎತ್ತು, ಇವರನ್ನ ಬಿಡ್ರಿ.”

ಚಾವಡಿ ತುಂಬ ಜನ. ಮಲ್ಲಣ್ಣ ಅತ್ತೆಯ ಮುಖವನ್ನೇ ನೋಡುತ್ತ ನಿಂತ, ಆಮೇಲೆ ಗೋಡೆಗೆ ಹಣೆ ಹಚ್ಚಿ ಅತ್ತ. ಯಾಕೆ ತೊಳೆಸಿದಿರಿ ಎಂದು ಅಮೀನಸಾಹೇಬರು ಕೇಳಿದ್ದಕ್ಕೆ, “ನನ್ನ ಮನಸಿಗಿ ಬಂತು, ತೊಳಸಿದೆ” ಎಂದಷ್ಟೇ ಹೇಳಿದರು.

ಹಮೀದ್ ಸಾಹೇಬರು ಎದ್ದು, “ಅಮ್ಮಾ, ತಪ್ಪು ನಂದೂ ಅದ. ಹೇಳಬೇಕಾದವರಿಗಿ ನಾ ಹೇಳಲಿಲ್ಲ” ಎಂದರು. ಅವರನ್ನು ಅಂದೇ ಬಿಟ್ಟರು. ಅತ್ತೆಯ ಮೇಲೂ ಖಟ್ಲೆ ಹಾಕಲಿಲ್ಲ.

ಹಮೀದ್ ಸಾಹೇಬರು ಊರು ಬಿಟ್ಟು ಹೋಗಲಿಲ್ಲ, ಅದು ನನಗೆ ಇನ್ನೊಂದು ಆಶ್ಚರ್ಯ. ತೊಟ್ಟಿಗೆ ಮತ್ತೆ ನೀರು ಬಿಡಿಸಿ, ಕೆಳಗಿಳಿದ ನೀರನ್ನು ದಿನವೂ ಹೊರಗೆ ಚೆಲ್ಲಿಸುತ್ತಿದ್ದಾರೆ. ಈ ಸಲ ಊರಿನ ಹೆಂಗಸರನ್ನೆಲ್ಲ ದಂಡೆಗೆ ಕರೆಸಿ ತಿಳಿಸಿ ಹೇಳಿದರು. ಬೇನೆ ಇಳಿದಿದೆ. ಉಸುಕಿನ ಮೇಲೆ ತೆಳ್ಳಗೆ ಹಸಿರು ಕಾಣಿಸುತ್ತಿದೆ. ಅತ್ತೆ ಹೊತ್ತು ಹುಟ್ಟಿದರೆ ಅಲ್ಲಿಗೆ ಹೋಗಿ ದನ ಕರು ಇಳಿಯದ ಹಾಗೆ ಕಾಯುತ್ತ ಕೂರುತ್ತಾರೆ. ಮಾವನ ಜೊತೆ ಮಾತು ನಿಂತಿದೆ. ಊಟಕ್ಕೆ ಕರೆದರೆ ಬರುತ್ತಾರೆ, ಉಣ್ಣುತ್ತಾರೆ, ಮತ್ತೆ ಹೋಗುತ್ತಾರೆ. ಅಳುವುದನ್ನು ನಾನು ಇನ್ನೂ ನೋಡಿಲ್ಲ.

ನಿನ್ನಿಂದ ಒಂದು ಕೆಲಸವಾಗಬೇಕು. ಮೋಮಿನಪುರದಲ್ಲಿ ಹಮೀದ್ ಸಾಹೇಬರ ತಾಯಿ ದಿಲ್ಶಾದ್ ಬೇಗಂ ಇದ್ದಾರೆ. ಮಗನ ಬಗ್ಗೆ ಅಲ್ಲಿಗೆ ಯಾವ ಸುದ್ದಿ ಮುಟ್ಟಿದೆಯೋ. ನೀನೇ ಹೋಗಿ, ನಿಮ್ಮ ಮಗನಿಂದ ಯಾವ ತಪ್ಪೂ ಆಗಿಲ್ಲ, ಕಮಲಾಪುರದಲ್ಲಿ ನಮ್ಮ ಮಗಳ ಮನೆಯಲ್ಲೇ ಉಂಡು ಮಲಗುತ್ತಾರೆ ಎಂದು ಹೇಳಿ ಬಾ. ಅಪ್ಪನಿಗೆ ನನ್ನ ಶರಣು.

ನಿನ್ನ ಮಗಳು
ಶಿವಕಾಂತ

ತಾಜಾಕಲಂ: ಇದನ್ನು ಅಪ್ಪನಿಗೆ ಓದಿ ಹೇಳಬೇಡ. ಅತ್ತೆ ತೊಟ್ಟಿಯನ್ನು ಯಾಕೆ ತೊಳೆಸಿದರೆಂದು ನಿನ್ನೆ ನನಗೊಬ್ಬಳಿಗೆ ಹೇಳಿದರು. ಯುಗಾದಿಗೆ ನೀನು ಇಲ್ಲಿಗೆ ಬಂದಿದ್ದೆಯಲ್ಲ, ಆಗ ಕಲಬುರ್ಗಿಯಿಂದ ನಿನ್ನ ನೀರನ್ನು ನೀನೇ ಕೊಡದಲ್ಲಿ ತಂದಿದ್ದೆಯಂತೆ. ತೊಟ್ಟಿಯ ಪಾಚಿ ನೋಡಿ ಬಂದು, ಅತ್ತೆ ಕೊಟ್ಟ ತಂಬಿಗೆಯನ್ನು ಬಾಯಿಗೆ ಮುಟ್ಟಿಸದೆ ಪಕ್ಕಕ್ಕಿಟ್ಟೆಯಂತೆ. ಕುಬಸಕ್ಕೆ ಬಂದಾಗಲಾದರೂ ಬೀಗತಿ ನಮ್ಮ ಮನೆಯ ನೀರು ಕುಡಿಯಲಿ ಎಂದು ತೊಳೆಸಿದರಂತೆ. “ನಿಮ್ಮವ್ವಗ ಇದು ತಿಳಿಬಾರದು, ಆಕಿ ತಡಕೊಳ್ಳಾಂಗಿಲ್ಲ” ಎಂದು ನನ್ನಿಂದ ಆಣೆ ಮಾಡಿಸಿಕೊಂಡರು. ಆಣೆ ಮುರಿದು ಬರೆಯುತ್ತಿದ್ದೇನೆ. ತೊಟ್ಟಿಯ ನೀರು ಕುಡಿಯಬಹುದೆಂದು ಹಮೀದ್ ಸಾಹೇಬರು ಹೇಳಿದ ದಿನ ಗಾಡಿ ಕಳಿಸುತ್ತೇನೆ, ಬಾ. ಕೊಡ ತರಬೇಡ.