ಕಾಲುವೆ ದಂಡೆಯ ಎರಡು ದೀಪ

೮ ಫೆಬ್ರುವರಿ ೨೦೨೨, ಮಂಗಳವಾರ. ಶಹಾಪುರ.

ಸಂಜೆ ವನದುರ್ಗದ ಕಡೆ, ಕಾಲುವೆ ದಂಡೆಯ ಮೇಲೆ ಕಾರಿನ ಎಡಗಾಲಿ ಜಾರಿತು. ಇನ್ನೊಂದು ಗೇಣು ಜಾರಿದ್ದರೆ ಕಾರು ಸಮೇತ ನೀರಿನಲ್ಲಿರುತ್ತಿದ್ದೆ. ದೀಪ ಇರಲಿಲ್ಲ. ಇಲ್ಲದಂತೆ ಮಾಡಿಸಿದವಳೂ ನಾನೇ.

ಕಾಲುವೆಗೆ ಮೋಟಾರು ಇಟ್ಟು ನೀರು ಕದಿಯುವವರನ್ನು ಹಿಡಿಯುವುದು ನನ್ನ ನೌಕರಿ. ಈ ಹೊಸ ಕಾರಿಗೋ ಹಗಲಲ್ಲೂ ಮುಂದೆ ಎರಡು ಬಿಳಿ ದೀಪ ಉರಿಯುತ್ತವೆ, ಹೊತ್ತು ಮುಳುಗುತ್ತಿದ್ದಂತೆ ಹೆಡ್‌ಲೈಟು ತಾನೇ ಹೊತ್ತಿಕೊಳ್ಳುತ್ತದೆ. ದೂರದಿಂದಲೇ ಕಂಡು ಎಲ್ಲರೂ ಪೈಪು ಎಳೆದುಕೊಳ್ಳುತ್ತಿದ್ದರು. ಶನಿವಾರ ಮೆಕ್ಯಾನಿಕ್ ಸರದಾರಸಾಬನಿಂದ ಫ್ಯೂಸು ತೆಗೆಸಿ ಎರಡನ್ನೂ ಬಂದ್ ಮಾಡಿಸಿದೆ.

"ಬ್ಯಾಡ್ರಿ ಮೇಡಂ, ದಂಡಿ ಮ್ಯಾಲ ಅಡ್ಡಾಡೋರು ನೀವು" ಎಂದ. ಕೇಳಲಿಲ್ಲ.

ನಾಲ್ಕು ಸಂಜೆ ಕಳ್ಳಿಯ ಹಾಗೆ ತಿರುಗಿ ಹಿಡಿದದ್ದು ಒಂದೇ ಮೋಟಾರು.

ಇವತ್ತು ಕಾರು ಎತ್ತಲು ಓಡಿ ಬಂದವರಲ್ಲಿ ದೇವಕಮ್ಮನೂ ಇದ್ದಳು. ಕಾಲುವೆಯ ಕಟ್ಟಕಡೆಯ ಹೊಲದವಳು. ಇವಳಂಥವರಿಗೆ ನೀರು ಮುಟ್ಟಲೆಂದೇ ನನ್ನ ಈ ಸಾಹಸವೆಲ್ಲ. ಕೆಸರಿನ ಕೈ ಒರೆಸಿಕೊಳ್ಳುತ್ತ ಕೇಳಿದಳು:

"ನಾಕು ದಿನ ಎಲ್ಲಿಗೆ ಹೋಗಿದ್ರಿ ಮೇಡಂ? ನಿಮ್ಮ ಲೈಟ್ ಕಂಡ್ರ ಸಾಕು, ಅವರು ಪೈಪ್ ಎಳಕೊಂತಿದ್ರು. ನಮ್ಮ ಶೇಂಗಾಕ್ಕ ತಾಸೊಪ್ಪತ್ತು ನೀರು ಬರ್ತಿತ್ತು. ಶನಿವಾರದಿಂದ ಒಂದು ಹನಿ ಬಂದಿಲ್ರಿ."

ದಿನಾ ಬಂದಿದ್ದೆ, ದೀಪ ಆರಿಸಿಕೊಂಡು.

ತೆಗೆಸಿದ ಫ್ಯೂಸು ಪರ್ಸಿನಲ್ಲೇ ಇದೆ. ಬೆಳಗಾದ ಕೂಡಲೇ ಹಾಕಿಸಬೇಕು. ಹಗಲಲ್ಲೂ ಉರಿಯಲಿ, ದೂರದಿಂದಲೇ ಕಾಣಲಿ, ಎಲ್ಲರೂ ಪೈಪು ಎಳೆದುಕೊಂಡು ಓಡಲಿ. ನಾನು ಯಾರನ್ನೂ ಹಿಡಿಯದಿದ್ದರೂ ದೇವಕಮ್ಮನ ಶೇಂಗಾಕ್ಕೆ ನೀರು ಮುಟ್ಟಲಿ.